ಒಂದೆಳೆ ಶಾವಿಗೆ

ಕೋಡಿಬಾಗದ ಪ್ರಯೋಗಶಾಲೆಯಲ್ಲಿ ನಾನು ಅಟೆಂಡರ್.
ಗಾಜಿನ ಭರಣಿ ತೊಳೆಯುವುದು, ದೋಣಿ ಬಿಡುವುದು,
ನೀರಿಳಿದಾಗ ಕಾಳಿಯ ಕೆಸರಲ್ಲಿ ಮೊಣಕಾಲುದ್ದ ನಿಂತು
ಸು ವೇಯ್ ಮೇಡಂಗೆ ಕಲ್ಗ ಎಬ್ಬಿಸಿ ಕೊಡುವುದು.
ಚೀನಾದ ಹುಡುಗಿ. ಕಡಲದಂಡೆಯವಳೇ.
ಚಿಪ್ಪಿನ ಬಾಯಿ ಬಿಡಿಸಲು ಚಾಕು ಹಿಡಿದದ್ದು ನೋಡಿಯೇ
ತಿಳಿಯಿತು ನನಗೆ, ಇದು ಬರೀ ಪುಸ್ತಕದ ಕೈಯಲ್ಲ.
ನಮ್ಮ ಸೋಮಿಯ ನಾಲಿಗೆಯಲ್ಲಿ ಆ ಹೆಸರು ಹೊರಳದೆ
ಸುವ್ವಿ ಆಯಿತು, ಭತ್ತ ಕುಟ್ಟುವಾಗಿನ ಸುವ್ವಿ.
ಕರೆದರೆ ಅವಳೂ ಓಗೊಟ್ಟಳು.

ಗುರುವಾರ ದೋಣಿಯಲ್ಲಿ ಹೇಳಿದಳು:
ನಾಡಿದ್ದು ನಾನು ಹುಟ್ಟಿದ ದಿನ.
ಪಾಸ್‌ಪೋರ್ಟಿನದು ಬೇರೆ.
ಇದು ಚಂದ್ರನದು, ವರ್ಷ ವರ್ಷ ಜಾರುತ್ತದೆ.
ತಿಥಿ ಅನ್ನು, ಎಂದೆ.
ತಿತಿ, ಅಂದಳು.
ಸತ್ತವರ ಊಟಕ್ಕೂ ನಾವು ಅದನ್ನೇ ಅನ್ನುತ್ತೇವೆಂದು
ಹೇಳಲು ಹೋಗಲಿಲ್ಲ.

ಬೇಕಾದದ್ದು ಕೆಂಪು ಮೊಟ್ಟೆ,
ಮತ್ತೆ ಶಾವಿಗೆ. ಉದ್ದದ್ದು.
ಬಟ್ಟಲು ತುಂಬ ಒಂದೇ ಎಳೆ.
ಕಡಿಯದೆ ಉಂಡರೆ ಅಷ್ಟುದ್ದ ಆಯುಷ್ಯ.

ಎರಡು ನಿಮಿಷದ ಪಾಕೀಟು ತಂದ ಪ್ರೆಸಿಲ್ಲಾಳಿಗೆ
ಸೋಮಿ ಬೈದಳು: ಇಷ್ಟು ಗಿಡ್ಡವೇನೇ ಅವಳ ಆಯುಷ್ಯ?
ಅಟ್ಟದ ಮೇಲಿಂದ ಶಾವಿಗೆ ಒರಳು ಇಳಿಯಿತು.
ಹಿತ್ತಾಳೆಯ ಬಿಲ್ಲೆಗೆ ಮೂವತ್ತಾರು ತೂತು,
ಎರಡರಲ್ಲಿ ಜೇಡನ ಸಂಸಾರ.
ಯಲ್ಲಾಪುರದ ಜೂಜೆ ಸಿದ್ದಿ, ನಮ್ಮ ಸಂಶೋಧಕ, ಯೋಚಿಸಿದ.
ಬಿಸ್ಕಿಟ್ ಡಬ್ಬಿಯ ಮುಚ್ಚಳ ಕತ್ತರಿಸಿ, ದುಂಡಗೆ ಮಾಡಿ
ಮೊಳೆಯಿಂದ ಹೊಡೆದ, ನಡುವೆ ಒಂದೇ ತೂತು.

ಫಜೀತಿ ಆದದ್ದು ಮೊಟ್ಟೆಯದು.
ಮೊದಲು ಮುರುಗಲ ನೀರಲ್ಲಿ ಮುಳುಗಿಸಿದೆವು.
ಬುಸಬುಸ ನೊರೆ.
ಓಡಿ ಬಂದಳು ಸುವ್ವಿ, ತೆಗೆಯಿರಿ ತೆಗೆಯಿರಿ,
ಹುಳಿ ಚಿಪ್ಪನ್ನು ತಿನ್ನುತ್ತದೆ,
ಕಾಳಿಯಲ್ಲಿ ನಾವು ಅಳೆಯುವುದೂ ಇದನ್ನೇ ಅಲ್ಲವೇ ಹೊನ್ನಪ್ಪಣ್ಣಾ!
ಎರಡು ವರ್ಷ ಅವಳ ಭರಣಿ ತೊಳೆದಿದ್ದೆ.
ಅವಳ ಓದು ಏನೆಂದು ಅವತ್ತು ತಿಳಿಯಿತು,
ಸೋಮಿಯ ಅಲ್ಯೂಮಿನಿಯಂ ಪಾತ್ರೆಯಲ್ಲಿ.

ದೇವರ ಗೂಡಿನ ಕುಂಕುಮ ಕೇಳಿದೆ.
ಸೋಮಿ ನೋಡಿದ ನೋಟಕ್ಕೆ ಹಿಂದೆ ಸರಿದೆ.
ಕಡೆಗೆ ಬೀಟ್‌ರೂಟು. ಕೆಂಪೇನೂ ಅಲ್ಲ,
ಮಳೆ ಕುಡಿದ ಚಿರೆಕಲ್ಲಿನ ಬಣ್ಣ.
ನಡೆಯುತ್ತದೆ, ಅಂದಳು.

ಒಲೆಯ ಮೇಲೆ ಮೂರು ಪಾತ್ರೆ, ಮೂರು ವಾದ.
ಭಟ್ಕಳದ ಫಹಮೀದಾ: ಶಾವಿಗೆ ಅಂದಮೇಲೆ ಮಾಂಸ.
ಸೋಮಿ: ಕಾಯಿಹಾಲು, ಬೆಲ್ಲ, ಚೂರು ಏಲಕ್ಕಿ.
ಸುವ್ವಿ ಏನೂ ವಾದಿಸಲಿಲ್ಲ.
ಶುಂಠಿ ಹೆಚ್ಚಿದಳು, ಈರುಳ್ಳಿಯ ಹಸಿರು ಎಲೆ ಹೆಚ್ಚಿದಳು,
ಬೆಳಿಗ್ಗೆ ಎಬ್ಬಿಸಿದ ಕಲ್ಗದ ಸಾರು ಕುದಿಸಿದಳು.
ಆ ಪರಿಮಳಕ್ಕೆ ಒಮ್ಮೆ ಕಣ್ಣು ಮುಚ್ಚಿದಳು.
ಅಷ್ಟು ಹೊತ್ತು ಅವಳು ಇಲ್ಲಿರಲಿಲ್ಲ.

ಒರಳಿಂದ ಇಳಿಯಿತು ಎಳೆ.
ಜೂಜೆ ಒತ್ತುತ್ತಾನೆ, ಸೋಮಿ ಬಟ್ಟಲು ತಿರುಗಿಸುತ್ತಾಳೆ,
ಸುರುಳಿ ಮೇಲೆ ಸುರುಳಿ.
ಫೋನಿನೊಳಗಿಂದ ಸುವ್ವಿಯ ಅವ್ವ ಏನೋ ಎಣಿಸುತ್ತಾಳೆ.
ತಲೆ ಬಗ್ಗಿಸಿ ಉಣ್ಣತೊಡಗಿದಳು ಹುಡುಗಿ,
ಸುರ್ರ್ ಎಂದು, ಉಸಿರು ಬಿಡದೆ.
ಅವಳಿಗಿಂತ ನಾವು ಉಸಿರು ಬಿಟ್ಟಿರಲಿಲ್ಲ.

ಅಕ್ಕಿಹಿಟ್ಟು ಗೋದಿಯಲ್ಲ.
ಅರ್ಧ ಬಟ್ಟಲಲ್ಲಿ ಪಟ್ಟನೆ

ಯಾರೂ ಮಾತಾಡಲಿಲ್ಲ.
ಫೋನಿನೊಳಗೂ ಇಲ್ಲ.

ಸೋಮಿ ಅಂದಳು: ಹೆಚ್ಚಿತು.
ಒಡೆದ ಬಳೆಗೆ ಏನನ್ನುತ್ತೇವೆ? ಹೆಚ್ಚಿತು ಅನ್ನುತ್ತೇವೆ.
ಒಂದಿತ್ತು, ಎರಡಾಯಿತು. ಉಣ್ಣು.
ಹೆಚ್ಚಿತು, ಎಂದು ಸುವ್ವಿ ಬಾಯಲ್ಲಿ ತಿರುಗಿಸಿದಳು,
ಫೋನಿಗೆ ಅವಳ ಭಾಷೆಯಲ್ಲಿ ಹೇಳಿದಳು.
ಹೇಗೆ ಹೇಳಿದಳೋ! ಆ ಅವ್ವ ನಗುತ್ತ ಕಣ್ಣೊರೆಸಿಕೊಂಡಳು.

ನಿಮ್ಮದು ಯಾವಾಗ? ನನ್ನನ್ನು ಕೇಳಿದಳು.
ಜೂನ್ ಒಂದು.
ಮಾಸ್ತರು ಬರೆದದ್ದು. ಆಫೀಸಿನ ಅರ್ಧ ಜನ
ಅವತ್ತೇ ಹುಟ್ಟಿದವರು.
ಆಯಿ ಹೇಳುತ್ತಿದ್ದದ್ದು ಬೇರೆ:
ತಾರ್ಲೆ ಹೊಳೆಯಂತೆ ಬಂದು, ಕೊಳ್ಳುವವರಿಲ್ಲದೆ
ತೆಂಗಿನ ಬುಡಕ್ಕೆ ಸುರಿದ ವರ್ಷ, ಅಮಾವಾಸ್ಯೆ ಕಳೆದು ಎರಡೋ ಮೂರೋ.
ಯಾವ ತಿಂಗಳು ಎಂದು ನಾನು ಕೇಳಲಿಲ್ಲ.
ಈಗ ಕೇಳಲು ಆಯಿ ಇಲ್ಲ.

ಎರಡೋ ಮೂರೋ ಸಾಕು, ಅಂದಳು ಸುವ್ವಿ,
ಒಂದು ಮೊಟ್ಟೆ ನನ್ನ ಅಂಗಿ ಕಿಸೆಗೆ ಹಾಕಿದಳು.

ಕಲೆ ಹೋಗಲಿಲ್ಲ. ಸೋಮಿ ಸೋಪು, ನಿಂಬೆ, ಕಲ್ಲು ಎಲ್ಲ ನೋಡಿದಳು.
ಎಡಗಡೆ, ದುಂಡಗೆ, ಮೊಟ್ಟೆಯಷ್ಟೇ.
ಅದೇ ಅಂಗಿ ಹಾಕಿ ಬಂದಿದ್ದೇನೆ.
ಆರೂವರೆಗೆ ನೀರಿಳಿಯುತ್ತದೆ,
ದೋಣಿಯ ತಳದ ನೀರು ಇನ್ನೂ ಎತ್ತಿಲ್ಲ.