ಒಂದು ಹೆಚ್ಚು

ಕಕ್ಕಡ ಕಳೆದು, ತುಲಾ ಸಂಕ್ರಮಣವೂ ಕಳೆದು
ನಾಪೋಕ್ಲಿಗೆ ಬಿಸಿಲು ಬಂತು, ಬಸ್ಸಿನ ಹಾಗೆ, ತಡವಾಗಿ.
ಕಪಾಟು ತೆಗೆದರೆ ಬೂಸ್ಟು:
ಕಾದಂಬರಿಗಳ ಬೆನ್ನಿಗೆ ಬೂದಿ ಬಳಿದ ಹಾಗೆ,
ಕಾನೂನಿನ ಪುಸ್ತಕಕ್ಕೆ ಮಾತ್ರ ಹಸಿರು.

ಜಿಲ್ಲಾ ಕಚೇರಿಯಿಂದ ಕಾಗದ ಬಂದಿತ್ತು:
ಹಾಳಾದ ಪುಸ್ತಕಗಳ ಪಟ್ಟಿ ಕೂಡಲೇ ಕಳಿಸಿ.
ಹಾಳೆಂದರೆ ಎಷ್ಟು ಹಾಳು? ಬರೆದಿರಲಿಲ್ಲ.
ಕೇಳೋಣವೆಂದರೆ ನಾನು ದಿನಗೂಲಿ.
ಪಕ್ಕದ ಸೊಸೈಟಿಯ ಕಾಫಿ ಕಣ ಕೇಳಿಕೊಂಡೆ.
ಹಣ್ಣಿಗಿನ್ನೂ ಎರಡು ತಿಂಗಳಿದೆ, ಹರವಿಕೊಳ್ಳಿ ಎಂದರು ಹೊನ್ನಪ್ಪ,
ಗೋರುಮಣೆ ಬೇಕಾ ಎಂದು ನಕ್ಕರು.

ಶನಿವಾರ, ಮಕ್ಕಳು ಕಥೆಗೆ ಬರುವ ದಿನ.
ಕಥೆಯ ಬದಲು ಕಥೆಪುಸ್ತಕ ಹೊರಿಸಿದೆ.
ಎಣಿಸಿ ಇಟ್ಟೆವು, ಇನ್ನೂರ ಹದಿನಾಲ್ಕು,
ಬೆನ್ನು ಮೇಲೆ ಮಾಡಿ, ಡೇರೆ ಹೊಡೆದಂತೆ ಸಾಲು ಸಾಲು.
ಲೈನ್‌ಮನೆಯ ಬೊಳ್ಕಿ ಮೂಗಿನಿಂದಲೇ ವಿಂಗಡಿಸಿದಳು:
ಇದು ಮೆಣಸು ಒಣಗಿಸುವ ಮನೆಗೆ ಹೋಗಿ ಬಂದದ್ದು,
ಇದು ಒಲೆ ಮೇಲಿನ ಅಟ್ಟದಲ್ಲಿದ್ದದ್ದು,
ಇದನ್ನು ಯಾರೋ ಜ್ವರದಲ್ಲಿ ಓದಿದ್ದಾರೆ,
ನೀಲಗಿರಿ ಎಣ್ಣೆ.

ಕೊಡವಿದಾಗ ಬಿದ್ದವು
ಭಾಗಮಂಡಲದ ಬಸ್ ಟಿಕೇಟು, ಎರಡು ರೂಪಾಯಿ ನೋಟು,
ರಕ್ತಪರೀಕ್ಷೆಯ ಚೀಟಿ.
ಬೀಳದೆ ಉಳಿದದ್ದು ಎಪ್ಪತ್ತನೇ ಪುಟದ ಜಿಗಣೆ,
ಯಾರದೋ ರಕ್ತ ಕುಡಿದು, ಚಪ್ಪಟೆಯಾಗಿ,
ಒಂದು ವಾಕ್ಯವನ್ನೇ ಮುಚ್ಚಿಕೊಂಡು.

ಮೂರೂಕಾಲಿಗೆ ಕಕ್ಕಬ್ಬೆ ಕಡೆಯ ಬೆಟ್ಟ ಕಾಣದಾಯಿತು.
ಮಳೆಗೂ ಮೊದಲು ಸದ್ದು ಬಂತು.
ಕ್ರೀಡಾಪುಟ ಮುಗಿಯದೆ ಬೆಂಚು ಬಿಟ್ಟೇಳದ
ಹಾಕಿ ಅಂಪೈರ್ ಚೀಯಣ್ಣ
ಎದ್ದರು, ಜೇಬಿಗೆ ಕೈಹಾಕಿದರು,
ಸೀಟಿ ಊದಿದರು.

ಬೀದಿಗೆ ಬೀದಿಯೇ ಬಂತು.
ಕತ್ತರಿ ಹಿಡಿದೇ ಪಳನಿ, ಹಿಂದೆ ಅರ್ಧ ಗಡ್ಡದ ಗಿರಾಕಿ,
ಲುಂಗಿಗೆ ಕೈ ಒರೆಸಿಕೊಳ್ಳುತ್ತ ಮೀನಿನ ಹಂಸಾಕ,
ಯಾರೂ ಒಯ್ಯದ ಸೀರೆಯನ್ನು ಚಪ್ಪರ ಹಿಡಿದು ಟೈಲರ್ ಸರಸು,
ಬಸ್ಸು ನಿಲ್ಲಿಸಿ ಇಳಿದ ಕಂಡಕ್ಟರು.
ಗಲ್ಲದವರೆಗೆ ಪೇರಿಸಿಕೊಂಡು
ಹತ್ತಿರ ಕಂಡ ಬಾಗಿಲಿಗೆ ನುಗ್ಗಿದರು.
ನಾನು ರಿಜಿಸ್ಟರು ಅಪ್ಪಿ ನೆನೆಯುತ್ತ
ಸಹಿ! ಸಹಿ! ಎಂದು ಕೂಗಿದೆನಂತೆ.
ನನಗೆ ನೆನಪಿಲ್ಲ.

ಆಮೇಲೆ ಹದಿನೈದು ದಿನ ಊರೇ ಲೈಬ್ರರಿ.
ಪಳನಿಯ ಕನ್ನಡಿಯ ಕೆಳಗೆ ಆರು ಕಾದಂಬರಿ;
ಕತ್ತರಿಸಲು ಕೂದಲಿಲ್ಲದವರೂ ಸರದಿಗೆ ಕೂತರು.
ಹಂಸಾಕ ಹೇಳಿಕಳಿಸಿದರು: ಕೊನೇ ಅಧ್ಯಾಯ ಬಾಕಿ, ನಾಳೆ.
ಸರಸು ಹನ್ನೆರಡಕ್ಕೂ ಅಂಗಿ ಹೊಲಿದು ಕೊಟ್ಟಳು,
ಪತ್ತೇದಾರನಿಗೆ ಜರಿಯಂಚು.
ವಿರಾಜಪೇಟೆಗೆ ಹೋದ ಹನ್ನೊಂದು
ಮರುದಿನದ ಬಸ್ಸಿಗೆ ಹನ್ನೊಂದೂ ಬಂದವು,
ಒಂದರ ಕಿವಿ ಮಡಚಿತ್ತು.

ಎಣಿಸಿದೆ. ಇನ್ನೂರ ಹದಿನೈದು.
ಬೊಳ್ಕಿ ಎಣಿಸಿದಳು. ಇನ್ನೂರ ಹದಿನೈದೇ.

ಹೆಚ್ಚಿನದು ಜೇನು ಸಾಕಣೆಯ ಪುಸ್ತಕ.
ಕಂದು ರಟ್ಟು, ನಮ್ಮದೇ ಮೊಹರು.
ಹದಿನೇಳು ವರ್ಷದ ಹಿಂದೆ ಅದರ ಹೆಸರಿನೆದುರು
ನನ್ನ ಮೊದಲಿದ್ದವರು ಕೆಂಪು ಶಾಯಿಯಲ್ಲಿ
'ಕಳೆದಿದೆ' ಎಂದು ಬರೆದು ಕೈತೊಳೆದುಕೊಂಡಿದ್ದರು.
ಈಗ ಪುಟಪುಟಕ್ಕೂ ಮೇಣದ ಕಲೆ,
ಅಂಚಿನಲ್ಲಿ ಸಣ್ಣ ಪೆನ್ಸಿಲ್ಲಿನ ಅಕ್ಷರ:
ಇಲ್ಲಿ ತಪ್ಪು. ತುಡುವೆ ಹೀಗೆ ಮಾಡುವುದಿಲ್ಲ.
ಕೊನೆಯ ಖಾಲಿ ಹಾಳೆಯಲ್ಲಿ ವರ್ಷವಾರು ಪೆಟ್ಟಿಗೆಗಳ ಲೆಕ್ಕ:
ಎರಡು, ಐದು, ಒಂಬತ್ತು,
ಒಂದು ವರ್ಷ ಸೊನ್ನೆ,
ಮತ್ತೆ ಎರಡು.

ದಿನಕ್ಕೆ ಹತ್ತು ಪೈಸೆಯಂತೆ ದಂಡ
ಆರುನೂರ ಇಪ್ಪತ್ತು ರೂಪಾಯಿ ಚಿಲ್ಲರೆ.
ಆ ವರ್ಷದ ರಿಜಿಸ್ಟರು ಯಾವ ಕಪಾಟಿನಲ್ಲಿದೆ, ಗೊತ್ತು.
ಕೆಳಗಿನ ಸಾಲು, ಗೆದ್ದಲು ಮುಟ್ಟಿಲ್ಲ.
ತೆಗೆಯಲಿಲ್ಲ.

ಪಟ್ಟಿ ಕಳಿಸಿದೆ. ಹಾಳಾದವು: ಮೂರು.
ಷರಾ: ಒಂದು ಹೆಚ್ಚು.
ಹೆಚ್ಚಾದದ್ದಕ್ಕೆ ಸೂಕ್ತ ವಿವರಣೆ ಕೊಡಿ
ಎಂದು ಮರುಟಪಾಲು. ಡ್ರಾಯರಿನಲ್ಲಿದೆ.

ಪುಸ್ತಕ ಕಪಾಟಿನಲ್ಲಿಲ್ಲ.
ಬೊಳ್ಕಿ ಒಯ್ದಿದ್ದಾಳೆ, ಸಹಿ ಹಾಕಿಯೇ.
ಅಪ್ಪನಿಗೆ ಅಂಚಿನದಷ್ಟೇ ಓದಿ ಹೇಳುತ್ತಾಳಂತೆ.
ಅಚ್ಚಿನದು ಇರಲಿ ಬಿಡು, ಎನ್ನುತ್ತಾನಂತೆ ಅಪ್ಪ,
ಪೆನ್ಸಿಲ್ಲಿನವನಿಗೆ ಹುಳ ಕಚ್ಚಿದೆ.