ಆಕರ

ಮೊದಲ ಅಧ್ಯಾಯ ಶಂಕರಘಟ್ಟದಿಂದ ವಾಪಸು ಬಂತು.
ಅಂಚಿನಲ್ಲಿ ಕೆಂಪು ಶಾಯಿಯ ಎರಡೇ ಪದ:
ಆಕರ ಎಲ್ಲಿ?

ಬರೆಯಹೊರಟದ್ದು ಪೂರ್ವ ಜರ್ಮನಿಯ ಕಾರ್ಖಾನೆಗಳ ಬಗ್ಗೆ.
ನಾನು ಹುಟ್ಟುವ ಮೊದಲೇ ಭೂಪಟದಿಂದ ಉದುರಿದ ದೇಶ.
ಆ ಭಾಷೆ ಬಾರದು. ಪಾಸ್‌ಪೋರ್ಟ್ ಇಲ್ಲ.
ಇರುವುದು ಭದ್ರಾವತಿಯ ತನಕ ನಡೆಯುವ ಬಸ್ ಪಾಸು.

ನಿಘಂಟಿನಲ್ಲಿ ಆಕರವೆಂದರೆ ಗಣಿಯೂ ಹೌದು.
ಅದನ್ನೇ ಶಕುನವೆಂದುಕೊಂಡು
ನ್ಯೂಟೌನಿನಲ್ಲಿ ಇಳಿದೆ.

ಯೂನಿಯನ್ ಆಫೀಸಿನ ಜಗಲಿಯಲ್ಲಿ ಕೇರಂ ಆಡುತ್ತಿದ್ದವರು
ತಲೆಯೆತ್ತದೆ ಹೇಳಿದರು: ಬೀರುವಿನ ಕೀಲಿಕೈ
ಆರೋಗ್ಯಸ್ವಾಮಿ ಹತ್ತಿರ.
ಆರೋಗ್ಯಸ್ವಾಮಿ ರೇಷನ್ ಅಂಗಡಿ ಹತ್ತಿರ.

ಬಂದರು, ಅಕ್ಕಿಚೀಲದ ಸಮೇತ.
ಎಪ್ಪತ್ತು ದಾಟಿದ ಟರ್ನರ್, ಎಡಗೈ ಕಿರುಬೆರಳು ಅರ್ಧವೇ.
ಎತ್ತಿನ ಬೆನ್ನು ತಟ್ಟಿದಂತೆ ಬೀರುವನ್ನು ತಟ್ಟಿ
"ನಮ್ದೇ ಕಬ್ಬಿಣ" ಎಂದರು.

ಒಳಗೆ ಸುತ್ತಿಟ್ಟ ಬ್ಯಾನರು, ಒಡೆದ ಮೈಕು,
ಹುಳು ತಿಂದು ಮಿಕ್ಕ ಮೂವತ್ತೊಂದು ಪುಸ್ತಕ.
ಬಣ್ಣದ ಪತ್ರಿಕೆಗಳಿಗೆ ಬರಿಯ ಬೆನ್ನು ಉಳಿದಿದೆ:
ಆ ನುಣುಪು ಹಾಳೆಗಳನ್ನೆಲ್ಲ
ಕ್ವಾರ್ಟರ್ಸಿನ ಮಕ್ಕಳ ನೋಟ್‌ಬುಕ್ಕಿಗೆ ಬೈಂಡು ಹಾಕಿದರಂತೆ.
ಒಂದಿಡೀ ದೇಶದ ಟ್ರ್ಯಾಕ್ಟರುಗಳು, ನಗುವ ಹುಡುಗಿಯರು
ಮಗ್ಗಿ ಪುಸ್ತಕದ ಮೇಲೆ ಸವೆದುಹೋದರು.

ಅಂಕಿಅಂಶದ ದಪ್ಪ ಪುಸ್ತಕ ಮಾತ್ರ ಹೊಸದರಂತಿತ್ತು.
ಉಕ್ಕು, ಸಿಮೆಂಟು, ಹಾಲು, ಬೂಟು,
ಹದಿನಾಲ್ಕು ವರ್ಷ. ಒಂದು ಸಾಲೂ ಇಳಿದಿಲ್ಲ.
ನಾನು ಪೆನ್ನು ತೆಗೆದೆ. ಅವರು ನಕ್ಕರು.
"ನಮ್ಮ ಶಾಪಿನ ಲಾಗ್‌ಬುಕ್ ಬರೀತಿದ್ದೋನು ನಾನು ಕಣಮ್ಮ.
ಮಿಷನ್ ಕೆಟ್ಟ ದಿನ ಏನು ಬರೀಬೇಕು ಅಂತ
ಯಾರೂ ಹೇಳಿಕೊಡಬೇಕಿರಲಿಲ್ಲ."

ಹಾಗಾದರೆ ನಂಬುವುದು ಯಾವುದನ್ನು?
ಅವರು ಮಂಡಿಯೂರಿ, ತಳದ ಅರೆಗೆ ಕೈಹಾಕಿ
ಅಂಗೈಯಗಲದ ಪುಸ್ತಕ ತೆಗೆದರು,
ಪರದೇಶಿಗಳಿಗೆ ಮಾತು ಕಲಿಸುವಂಥದು.
ಎಪ್ಪತ್ತೆಂಟರಲ್ಲಿ ತರಬೇತಿಗೆಂದು ಹೋಗಿ
ಒಂಬತ್ತು ತಿಂಗಳು ಅಲ್ಲಿದ್ದರಂತೆ,
ಮ್ಯಾಗ್ಡಬರ್ಗ್ ಎಂಬಲ್ಲಿ.
ಅಚ್ಚಾದ ಸಾಲುಗಳ ನಡುವೆ ಪೆನ್ಸಿಲಿನ ಕನ್ನಡ ಅಕ್ಷರ.
ಒಂದು ಸಾಲಿಗೆ ಮೂರು ಗೆರೆ:
*ಹಾಬನ್ ವೀರ್ ನಿಶ್ಟ್.* ನಮ್ಮಲ್ಲಿ ಇಲ್ಲ.
"ಅಂಗಡೀಲಿ ಮೊದಲು ಕಲಿತ ಮಾತು ಅದು.
ಕಿತ್ತಳೆ ಕೇಳಿದ್ರೂ ಅದೇ, ಮೊಳೆ ಕೇಳಿದ್ರೂ ಅದೇ.
ಆದ್ರೆ ಬಾಡಿಗೆ ಎಷ್ಟು ಕಮ್ಮಿ ಅಂತೀಯ! ಅದನ್ನೂ ಬರಿ.
ಬರೀ ಕ್ಯೂ ಬರೆದ್ರೆ ಅದೂ ಒಂಥರಾ ಲಾಗ್‌ಬುಕ್ಕೇ."

ಬರೆದುಕೊಂಡೆ. ಹೊರಗೆ ಕೇರಂ ನಿಂತಿತ್ತು.
ಅವರ ದನಿ ಇಳಿಯಿತು.

"ಅಲ್ಲಿ ಎಲ್ಲರ ಮೇಲೂ ಫೈಲ್ ಇಡ್ತಿದ್ರಂತೆ, ಹೌದಾ?
ಈಗ ತೆಗೆದು ತೋರಿಸ್ತಾರಂತೆ, ಹೌದಾ?"
ಹೌದು ಎಂದೆ, ಓದಿದ್ದೇನೆ.
"ನಮಗೆ ದುಭಾಷಿ ಇದ್ಲು, ಗುಡ್ರೂನ್ ಅಂತ.
ಶುಕ್ರವಾರ ಶುಕ್ರವಾರ ಎಲ್ಲೋ ಹೋಗೋಳು, ಕೇಳಿದ್ರೆ ಮಾತು ತಿರುಗಿಸೋಳು.
ನನಗೆ ಜ್ವರ ಬಂದಾಗ ಮೂರು ದಿನ ಸೂಪು ತಂದ್ಲು,
ಟವೆಲಲ್ಲಿ ಸುತ್ತಿ, ನಾಕು ಮಹಡಿ ಹತ್ತಿ.
ನನ್ನ ಬಗ್ಗೆ ಏನು ಬೇಕಾದ್ರೂ ಬರೆದಿರ್ಲಿ.
ಸೂಪಿನ ವಿಷಯ ಬರೆದಿದಾಳಾ ಅಂತ
ಒಂದು ನೋಡಿ ಹೇಳ್ತೀಯಾ?"

ನಾನು ಆಕರ ಹುಡುಕಿ ಬಂದವಳು.
ಅವರು ನಲವತ್ತು ವರ್ಷದಿಂದ ಒಂದೇ ಪುಟಕ್ಕಾಗಿ ಕಾದವರು.
ನನ್ನ ಕೈಲಿ ಬಸ್ ಪಾಸಿತ್ತು.
ಬಾಯಿಗೆ ಬಂದದ್ದು ಆಗಷ್ಟೇ ಕಲಿತ ಮೂರು ಪದ;
ನುಂಗಿಕೊಂಡೆ.
"ಬರೆದು ಕೇಳ್ತೀನಿ ಸಾರ್, ವಿಳಾಸ ಸಿಕ್ಕರೆ."

ಅವರು ಹೆಸರನ್ನು ನಿಧಾನ ಬರೆದುಕೊಟ್ಟರು,
ಅಪ್ಪನ ಹೆಸರು, ಟಿಕೆಟ್ ನಂಬರು,
ಅಲ್ಲಿಯ ಹಾಸ್ಟೆಲಿನ ಕೋಣೆ: ನಾಲ್ಕುನೂರ ಹನ್ನೊಂದು.

ಕತ್ತಲಾಗುತ್ತಿತ್ತು. ಆ ಚಿಕ್ಕ ಪುಸ್ತಕ ಕೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು
ಯೂನಿಯನ್ನಿನ ರಿಜಿಸ್ಟರ್ ಹುಡುಕಿ, ಧೂಳು ಊದಿ,
ಕೊನೆಯ ಸಹಿಯ ಕೆಳಗೆ ಗೆರೆ ಎಳೆದು ನನ್ನ ಮುಂದಿಟ್ಟರು.
"ಹದಿನೈದೇ ದಿನ" ಎಂದರು.
"ತಡವಾದ್ರೆ ದಿನಕ್ಕೆ ಹತ್ತು ಪೈಸೆ."