ಕಾಗದದ ಮೇಲಿನ ಕಲ್ಲು

ಬೇಸಿಗೆಯ ಆರು ವಾರ ನನ್ನ ಶಾಲೆ ಒಂದು ಗುಂಡು ಡೇರೆ.
ಮಂಗೋಲಿಯಾದ ನಕ್ಷೆಯಲ್ಲಿ ಹೆಸರಿಲ್ಲದ ಬಯಲಲ್ಲಿ
ಲಾರಿಯಿಂದ ಇಳಿಸಿ, ಕಟ್ಟಿ, ಒಲೆ ಹೂಡಿ,
ಬಾಗಿಲನ್ನು ದಕ್ಷಿಣಕ್ಕೆ ತಿರುಗಿಸಿದರೆ ಮುಗಿಯಿತು.
ಮಕ್ಕಳು ಕುದುರೆಯೇರಿ ಬರುತ್ತಾರೆ,
ಒಂದೊಂದರ ಬೆನ್ನಿಗೆ ಮೂರು ಮೂರು.

ಜಿಲ್ಲಾ ಕಚೇರಿ ಕೊಟ್ಟ ನಮೂನೆ ಹನ್ನೊಂದು ಪುಟ.
ಹತ್ತರವರೆಗೆ ಎಣಿಸುತ್ತದೆಯೇ ಮಗು? ಹೌದು. ಇಲ್ಲ.
ಬಣ್ಣ ಗುರುತಿಸುತ್ತದೆಯೇ? ಹೌದು. ಇಲ್ಲ.
ಹೇಳಿದಲ್ಲಿ ಕೂರುತ್ತದೆಯೇ?

ನೊಮುಂದರಿ, ಐದು ವರ್ಷ, ಕೂರಲಿಲ್ಲ.
ಒಂದು ಎಂದಳು, ಎರಡು ಎಂದಳು,
ಆಮೇಲೆ ಬಾಯಿ ಹೊಲಿದುಕೊಂಡಳು.
ಬಣ್ಣದ ಕಾರ್ಡು ಹಿಡಿದು ಇದು ಯಾವುದು ಎಂದೆ.
"ಕಾರ್ಡು" ಎಂದಳು.

ಇಲ್ಲ, ಇಲ್ಲ, ಇಲ್ಲ ಎಂದು ಗೀಟೆಳೆದು
ಹೊರಗೆ ಬಂದು ಹುಲ್ಲಲ್ಲಿ ಕೂತೆ.
ಅಲ್ಲಿ ಹರಡಿತ್ತು ಅವಳ ಸಂಸಾರ:
ಉಂಗುರವಾಗಿ ಜೋಡಿಸಿದ ಕಲ್ಲಿನ ಮನೆ,
ಅದರ ಬಾಯಿಯೂ ದಕ್ಷಿಣಕ್ಕೆ.
ಒಣ ಸಗಣಿಯ ಚೂರಿಟ್ಟ ಒಲೆ.
ಡಬ್ಬಿಯ ಮುಚ್ಚಳದಲ್ಲಿ ಮರಳಿನ ಚಹಾ,
ಉಪ್ಪು ಸಾಲದು ಎಂದು ತಮ್ಮ ಬಿಲ್ಗೂನ್‌ಗೆ
ಅಜ್ಜಿಯದೇ ದನಿಯಲ್ಲಿ ಗದರಿಕೆ.
ಮನೆಯಾಚೆ ಮೇಯುವ ಹಿಂಡು, ಬಿಳಿಯವು ಕುರಿ, ಕಂದಿನವು ಕುದುರೆ,
ಎರಡು ಡುಬ್ಬದ್ದೊಂದು, ಎಲ್ಲಿ ಸಿಕ್ಕಿತೋ, ಒಂಟೆ.

ಗಾಳಿ ಎದ್ದಿತು. ಕೈಗೆ ಸಿಕ್ಕ ಕಲ್ಲೊಂದನ್ನು
ನಮೂನೆಯ ಮೇಲೆ ಹೇರಿದೆ.

ಸಂಜೆಯಾಯಿತು. ಅವಳಿಗೆ. ನಮಗಿನ್ನೂ ಮಧ್ಯಾಹ್ನ.
ಹಿಂಡನ್ನು ದೊಡ್ಡಿಗೆ ಹೊಡೆದವಳು ತಲೆಯೆತ್ತಿದಳು.
"ಒಂದು ಬಂದಿಲ್ಲ."
ಇವೆಯಲ್ಲ ಇಷ್ಟೊಂದು, ಎಂದೆ. ನಾಲ್ಕು ಬೊಗಸೆ ಕಲ್ಲು,
ಎಣಿಸಹೋದರೆ ನಾನೇ ತಪ್ಪುವಷ್ಟು.
"ಹೊಗೆ ಬಣ್ಣದ್ದು. ಎಡಗಿವಿ ಸೀಳಿದ್ದು.
ಹೋದ ಚಳಿಗಾಲ ತಾಯಿ ಸತ್ತದ್ದು.
ಬಾಟಲಿ ಹಾಲು ಕುಡಿಸಿ ನಾನೇ ಸಾಕಿದ್ದು."

ನನಗೂ ಗೊತ್ತು ಆ ಚಳಿಗಾಲ.
ಹುಲ್ಲಿನ ಮೇಲೆ ಹಿಮ ಗಾಜಾಗಿ
ಇವಳಪ್ಪನ ಮುನ್ನೂರರಲ್ಲಿ ನಲವತ್ತು ಉಳಿದವು.
ಸತ್ತವನ್ನು ಟ್ರ್ಯಾಕ್ಟರು ಎಳೆದೊಯ್ದದ್ದರ ಬಗ್ಗೆ
ಮಗುವಿನೆದುರು ಯಾರೂ ಆಡಿಲ್ಲ, ಎನ್ನುತ್ತಾಳೆ ತಾಯಿ.

ಶಿಳ್ಳೆ ಹಾಕಿ ಹುಡುಕಿದರು.
ತಮ್ಮ ನಾಯಿಯಾಗಿ ಬೊಗಳಿದ.
ಕೊನೆಗೆ ನನ್ನ ಮುಂದೆ ನಿಂತು, ತೊಡೆಯ ಮೇಲಿನ ಕಾಗದ ನೋಡಿ,
ಕೋಪವೇನಿಲ್ಲ, ಮೊದಲೇ ಗೊತ್ತಿದ್ದಂತೆ,
"ತೋಳ" ಎಂದಳು.

ತೋಳ ಏನು ಹೇಳೀತು? ಗುರುಗುಟ್ಟಿದೆ.
ಅರೆಮನಸ್ಸಿನಿಂದ, ಅಕ್ಕಪಕ್ಕ ನೋಡಿ.
"ಹಾಗಲ್ಲ" ಎಂದು ತಿದ್ದಿದಳು.
ಮತ್ತೆ ಗುರುಗುಟ್ಟಿದೆ, ಹಲ್ಲು ಕಾಣುವಂತೆ.
ಕಲ್ಲು ಕಿತ್ತುಕೊಂಡು, ಎದೆಗೊತ್ತಿ,
ಗಾಯಕ್ಕೆ ಉಗುಳು ಹಚ್ಚಿ,
ಮೆಲ್ಲಗೆ ಹಿಂಡಿನ ನಡುವೆ ಇಳಿಸಿದಳು.

ಅಷ್ಟರಲ್ಲಿ ನಮೂನೆ ಬಯಲ ಪಾಲಾಗಿತ್ತು,
ಹೌದು ಇಲ್ಲ ಹೌದು ಇಲ್ಲ ಎಂದು ಮಗುಚುತ್ತ.
ಓಡಿದೆ. ನನಗಿಂತ ಮುಂದೆ ಅವಳು,
ಅವಳ ಹಿಂದೆ ಬೊಗಳುವ ತಮ್ಮ.
ಅಡ್ಡ ಹೋಗಿ, ಬಳಸಿ, ಬೆದರದಂತೆ ಬಾಗಿ
ಒಂದೊಂದೇ ಪುಟ ಹಿಡಿದು ತಂದು ಕೈಗಿತ್ತಳು.

"ಒಂದು ಬಂದಿಲ್ಲ" ಎಂದಳು.
"ಮೂಲೆಗೆ ಚಹಾ ಚೆಲ್ಲಿದ್ದು."

ಎಣಿಸಿ ನೋಡಿದೆ.
ಹೌದು.